ಎಸ್ತೇರಬಾಯಿಯ ತಗಡು

ಹುಬ್ಬಳ್ಳಿಯ ಆ ಚರ್ಚಿನಲ್ಲಿ ಎಸ್ತೇರಬಾಯಿಯನ್ನು ಕಂಡರೆ ದಾರಿ ಬದಲಿಸುವವರು ಸಾಕಷ್ಟು ಜನ. ಹಾಗಂತ ಆಕೆ ಬಾಯಿಬಡುಕಿ ಅಲ್ಲ. ಹಿಡಿದದ್ದನ್ನು ಬಿಡುವುದಿಲ್ಲ, ಅಷ್ಟೇ; ಚರ್ಚಿನ ಹಿರಿಯರಿಗೆ ಅದಕ್ಕಿಂತ ದೊಡ್ಡ ಕಾಟ ಬೇರೆ ಇಲ್ಲ.

ಆಕೆ ಹಿಡಿದದ್ದು ಒಂದು ಅಡುಗೆಯ ಚಪ್ಪರವನ್ನು. ಅಲ್ಲಿಯ ವಾಡಿಕೆಯಂತೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಮಣ್ಣಿಗೆ, ಅಂದರೆ ಶವ ಹೂಳಲು, ಬಂದವರಿಗೆ ಹೆಂಗಸರೇ ಚರ್ಚಿನ ಹಿತ್ತಲಲ್ಲಿ ಅನ್ನ ಸಾರು ಮಾಡಿ ಬಡಿಸಬೇಕು. ಹಿತ್ತಲಿಗೆ ಸೂರಿರಲಿಲ್ಲ. ಎಸ್ತೇರಬಾಯಿಯ ಗಂಡನ ಮಣ್ಣಿನ ದಿನ ಮಳೆ ಸುರಿದು ಒಲೆ ಆರಿತು, ಅಕ್ಕಿ ಅರೆಬೆಂದು ಉಳಿಯಿತು. ಹೆಬ್ಬಳ್ಳಿಯಿಂದ ಬಂದ ನೆಂಟರು ಹಸಿದುಕೊಂಡೇ ಬಸ್ಸು ಹತ್ತಿದರು. ಗಂಡ ಸತ್ತ ದುಃಖಕ್ಕಿಂತ ಆ ಅವಮಾನಕ್ಕೇ ಆಕೆ ಹೆಚ್ಚು ಅತ್ತಳು.

ಅಂದಿನಿಂದ ಹೆಂಗಸರು ದಿನಾ ರೊಟ್ಟಿ ಬಡಿಯಲು ಕೂಡುವ ಮೊದಲು ಒಂದು ಹಿಡಿ ಜೋಳ ತೆಗೆದಿಟ್ಟರು. ಎಸ್ತೇರಬಾಯಿ ಮನೆಮನೆ ತಿರುಗಿ ಅದನ್ನು ಕೂಡಿಸಿ, ಅಮರಗೋಳದ ಮಾರುಕಟ್ಟೆಯಲ್ಲಿ ಮಾರಿ, ತಗಡು ತಂದಳು. ಹಿತ್ತಲಲ್ಲಿ ಕಂಬಗಳೂ ನಿಂತವು. ಅಷ್ಟರಲ್ಲಿ ಬಿಷಪ್ಪರು ಬರುತ್ತಾರೆಂದು ಚರ್ಚಿನ ಕಾರ್ಯದರ್ಶಿ ಜಯವಂತಪ್ಪ ಆ ತಗಡನ್ನು ಮುಂದಿನ ಅಂಗಳಕ್ಕೆ ಒಯ್ದು, ಕಾರು ನಿಲ್ಲಿಸುವ ಜಾಗಕ್ಕೆ ಹೊದಿಸಿಬಿಟ್ಟ. ಬಿಷಪ್ಪರು ಬಂದರು, ಹೋದರು. ನೆರಳಿನಲ್ಲಿ ಜಯವಂತಪ್ಪನ ಕಾರು ಉಳಿಯಿತು.

ಕೇಳಿದರೆ, “ಬೈಬಲ್‌ನ್ಯಾಗ ನೆಹೆಮೀಯ ಊರ ಗ್ವಾಡಿ ಕಟ್ಟೋಮುಂದ ಎಷ್ಟ ತಾಳ್ಕೊಂಡಾ, ಓದೀರಿಲ್ಲೊ? ತಾಳ್ಮಿ ಇರ್ಲಿ, ಎಸ್ತೇರಬಾಯಿ” ಎಂದ.

ನೆಹೆಮೀಯನ ಕಲ್ಲು ಒಯ್ದು ಯಾರೂ ಕಾರಿಗೆ ನೆರಳು ಮಾಡಿಕೊಂಡಿರಲಿಲ್ಲ. ಆಕೆಗೆ ಮೈಯೆಲ್ಲ ಉರಿಯಿತು.

ಚರ್ಚಿನ ಪಾದ್ರಿ ಸಾಧು ಮನುಷ್ಯ, ಎಲ್ಲರಿಗೂ ಅಯ್ಯನವರು. ಈಕೆಯನ್ನು ತಣ್ಣಗೆ ಮಾಡಲೆಂದು ಹೆಂಗಸರೇ ಆರಾಧನೆ ನಡೆಸುವ ಸ್ತ್ರೀಯರ ಭಾನುವಾರದಂದು ಆಕೆಯ ಕೈಗೇ ಬೈಬಲ್ ಪಾಠ ಓದಲು ಕೊಟ್ಟರು. ಕೊಟ್ಟದ್ದು ಯಾವುದು? ಅನ್ಯಾಯಗಾರ ನ್ಯಾಯಾಧಿಪತಿಯನ್ನು ಕಾಡಿ ಕಾಡಿ ನ್ಯಾಯ ಪಡೆದ ವಿಧವೆಯ ಕಥೆ. ಪಾಪ, ಪ್ರಾರ್ಥನೆ ಬಿಡಬಾರದೆಂದು ತಿಳಿಸುವುದು ಅವರ ಉದ್ದೇಶ. ಎಸ್ತೇರಬಾಯಿ ಜಯವಂತಪ್ಪನ ಮುಖ ನೋಡುತ್ತಲೇ ಓದಿ ಮುಗಿಸಿದಳು.

ಮರುದಿನದಿಂದ ಆತ ಬೆಳಿಗ್ಗೆ ಬಾಗಿಲು ತೆರೆದರೆ ಎಸ್ತೇರಬಾಯಿ. ದುರ್ಗದಬೈಲಿನ ಪೇಟೆಗೆ ಹೋದರೆ ಅಲ್ಲಿಯೂ ಎಸ್ತೇರಬಾಯಿ. “ತಗಡ ಯಾವಾಗ ಕೊಡ್ತೀರಿ?” ಬೇರೆ ಮಾತಿಲ್ಲ. ಆತ ಬೈದ, ನಾಯಿ ಬಿಟ್ಟ. ಆಕೆ ನಾಯಿಗೆ ರೊಟ್ಟಿ ಹಾಕಿ ಅಲ್ಲೇ ನಿಂತಳು. ಆಕೆಗೆ ತಲೆ ಕೆಟ್ಟಿದೆ ಎಂದು ಹಿರಿಯರೆಲ್ಲ ಮಾತಾಡಿಕೊಂಡರು.

ಮಳೆಗಾಲ ಬಂತು. ಜೋರು ಮಳೆಯ ಒಂದು ಬೆಳಿಗ್ಗೆ ಜಯವಂತಪ್ಪನ ತಾಯಿ ತೀರಿಕೊಂಡಳು. ಶವಪೆಟ್ಟಿಗೆ ಚರ್ಚಿಗೆ ಬಂತು, ನೆಂಟರು ತುಂಬಿದರು. ಹಿಂದಿನ ಕೋಣೆಯಲ್ಲಿ ಹೆಂಗಸರು ಅಕ್ಕಿ ತೊಳೆದಿಟ್ಟು ಎಸ್ತೇರಬಾಯಿಯ ಮುಖ ನೋಡಿದರು. ಆಕೆ ಕಡ್ಡಿಪೆಟ್ಟಿಗೆಯನ್ನು ಸೆರಗಿಗೆ ಕಟ್ಟಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು.

ಅಯ್ಯನವರು ಓಡಿ ಬಂದರು. “ಹೆಣದ ಮುಂದ ಜಗಳ ಬ್ಯಾಡ್ರಿ. ಇವತ್ತೊಂದಿನ ಬಿಡ್ರಿ.”

“ಬಿಡಬಾರದು ಅಂತ ಓದಾಕ ಕೊಟ್ಟವರು ನೀವ ಅಲ್ರಿ, ಅಯ್ಯನೋರ? ತಗಡ ಬರ್ಲಿ, ಒಲಿ ಹಚ್ತೇನಿ. ಮುದುಕಿ ಛಲೋ ಹೆಣ್ಮಗಳು. ಆಕಿ ಮಣ್ಣಿಗೆ ಬಂದವರು ಉಪಾಸ ಹೋಗಬಾರದು.”

ಜಯವಂತಪ್ಪ ಬಂದು ಆಕೆಯನ್ನು ನೋಡಿದ, ಮಳೆಯನ್ನು ನೋಡಿದ. ಹಲ್ಲು ಕಚ್ಚಿಕೊಂಡು ಕಾರು ಹೊರಗೆ ತೆಗೆದ. ಹಿರಿಯರು ಬಿಳಿ ಅಂಗಿಯಲ್ಲೇ ತಗಡು ಹೊತ್ತು ತಂದು ಹಿತ್ತಲ ಕಂಬಗಳ ಮೇಲೆ ಬಿಗಿದರು. ಎಸ್ತೇರಬಾಯಿ ಎದ್ದು ಒಲೆ ಹೊತ್ತಿಸಿದಳು. ಮಣ್ಣು ಕೊಟ್ಟು ಬಂದವರೆಲ್ಲ ಹೊಟ್ಟೆ ತುಂಬ ಉಂಡರು.

ಕೊನೆಯ ಪಂಕ್ತಿಯಲ್ಲಿ ಕೂತ ಜಯವಂತಪ್ಪ ತಲೆ ಎತ್ತದೆ ಹೇಳಿದ: “ದೇವ್ರು ನಿಮ್ಮ ತಾಳ್ಮಿಗೆ ಫಲ ಕೊಟ್ಟಾ ಬಿಡ್ರಿ.”

“ತಾಳ್ಮಿ ಅಲ್ರಿ ಅದು, ಸಿಟ್ಟು. ಇನ್ನೂ ಐತಿ” ಎನ್ನುತ್ತ ಆಕೆ ಆತನ ಅನ್ನಕ್ಕೆ ಸಾರು ಬಡಿಸಿದಳು. “ಉಣ್ರಿ. ನಮ್ಮನಿಯವರ ಮಣ್ಣಿಗೆ ಬಂದವರು ಹಸ್ಕೊಂಡ ಹ್ವಾದ್ರು.”