ಜಂಬಪ್ಪನ ಅಕ್ಷರದ ಸರದಿ

ಬೆಳಕು ಹರಿಯುವ ಮುಂಚೆಯೇ, ಊರ ಗದ್ದೆಗಳಿಗೆ ಕಾಲುವೆ ನೀರು ಹಂಚುವ ನೀರಗಂಟಿ ಜಂಬಪ್ಪ ಮೊಣಕಾಲುದ್ದದ ನೀರಿನಲ್ಲಿ ನಿಂತು ತೂಬಿನ ಹಲಗೆ ಎತ್ತುತ್ತಿದ್ದಾನೆ. ಹೊಸಪೇಟೆ ಪಕ್ಕದ ಈ ಹಳ್ಳಿಯಲ್ಲಿ ಯಾವ ಗದ್ದೆಗೆ ಯಾವತ್ತು ನೀರು ಎಂಬುದೆಲ್ಲ ಅವನ ಬಾಯಲ್ಲೇ ಇದೆ. ಇವತ್ತು ಮಾತ್ರ ಮನಸ್ಸು ನೀರಿನ ಮೇಲಿಲ್ಲ. ಸಂಜೆ ಊರಿನ ದೊಡ್ಡ ಕುಳ ಕೊಟ್ರಯ್ಯನವರ ಸರದಿ. ಅವರು ಒಲ್ಲೆ ಎಂದುಬಿಟ್ಟಿದ್ದಾರೆ.

ಸರದಿ ಎಂದರೆ ನೀರಿನದಲ್ಲ, ಅಕ್ಷರದ್ದು. ಊರಲ್ಲಿ ಓದು ಬಲ್ಲ ಮನೆಗಳು ಬೆರಳೆಣಿಕೆ. ದಿನಕ್ಕೊಂದು ಮನೆಯವರು ದೀಪ ಹಚ್ಚುವ ಹೊತ್ತಿಗೆ ಚಾವಡಿಗೆ ಬಂದು ಕೆಳಗಿನ ಗದ್ದೆಯ ಹೆಂಗಸರು, ಗಂಡಸರಿಗೆ ಕಲಿಸಬೇಕು. ಮಹಾಯುದ್ಧ ಬಂದು ಸೀಮೆಎಣ್ಣೆಗೆ ಬರ. ಎಣ್ಣೆಯೂ ಆ ಮನೆಯವರದೇ. ಈ ಏರ್ಪಾಡು ಮಾಡಿದ ಜಂಬಪ್ಪನಿಗೆ ಇನ್ನೂ ತನ್ನ ಹೆಸರು ಬರೆಯಲು ಬಾರದು.

ಹೋದ ವರ್ಷ ರಿಪೇರಿಗೆ ಕಾಲುವೆ ನೀರು ನಿಲ್ಲಿಸುತ್ತೇವೆಂದು ತೂಬಿನ ಬಳಿ ಬೋರ್ಡು ಹಾಕಿದ್ದರು. ಮೇಲಿನ ಗದ್ದೆಯವರು ಓದಿಕೊಂಡು ನಾಟಿ ಮುಂದೂಡಿದರು. ಕೆಳಗಿನವರಿಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಕೊನೆಯ ಗದ್ದೆಯ ಬಸಕ್ಕನ ಪೈರು ಕಣ್ಣೆದುರೇ ಒಣಗಿತು. ಓದಲು ಬಾರದೆ ದಿನವೂ ಆ ಬೋರ್ಡಿನ ಕೆಳಗೇ ಹಲಗೆ ಎತ್ತಿದ ಜಂಬಪ್ಪನಿಗೆ ಆ ಸಂಕಟ ಇನ್ನೂ ಆರಿಲ್ಲ.

"ನೀರು ಒಬ್ಬಂದಲ್ಲ ಅಂತ ಹಂಚ್ಕಂತೀವ್ರಿ. ಅಕ್ಷರ ಅಷ್ಟ ಹೆಂಗ ಮನಿಯಾಗ ಇಟ್ಕಂತಾರ?" ಎನ್ನುತ್ತಾನೆ.

ಇವರೆಲ್ಲ ಓದಿ ಏನು ಕಡಿದು ಕಟ್ಟೆ ಹಾಕಬೇಕು ಎಂಬುದು ಕೊಟ್ರಯ್ಯನವರ ತಕರಾರು. ದೊಡ್ಡವರೇ ತಪ್ಪಿಸಿಕೊಂಡರೆ ನಾಳೆ ಎಲ್ಲರಿಗೂ ನೆಪ ಸಿಕ್ಕಿ ಚಾವಡಿ ಮುಚ್ಚುತ್ತದೆ. ಜಂಬಪ್ಪ ಬದುವಿನ ಮೇಲೆ ಅತ್ತಿಂದಿತ್ತ ಶತಪಥ ಹಾಕುತ್ತಿದ್ದಾನೆ. ಅವರ ತೂಬು ಮುಚ್ಚು, ತಾವೇ ಓಡಿ ಬರುತ್ತಾರೆ ಎಂದು ಬಸಕ್ಕ ನೇರವಾಗಿ ಹೇಳುತ್ತಾಳೆ. ಅವನ ಕೈ ಹಲಗೆಯವರೆಗೂ ಹೋಗಿ ಹಿಂದಕ್ಕೆ ಬರುತ್ತದೆ.

"ಬ್ಯಾಡಬೇ. ಪೈರು ಏನು ತಪ್ಪು ಮಾಡೈತಿ?"

ಸಂಜೆ ಅವನು ಚಾವಡಿಯ ಅಷ್ಟೂ ಜನರನ್ನು ಪಾಟಿ ಬಳಪದ ಸಮೇತ ಎಬ್ಬಿಸಿಕೊಂಡು ಹೋಗಿ ಕೊಟ್ರಯ್ಯನವರ ಮನೆಯ ಕಟ್ಟೆಯ ಮೇಲೆ ಕೂರಿಸುತ್ತಾನೆ. ಇದೆಂಥ ಹಠವಪ್ಪಾ ಎಂದು ಅವರು ಒಳಗಿನಿಂದಲೇ ಗದರುತ್ತಾರೆ.

"ಹಠ ಅಲ್ರಿ ಸಾಮಿ, ಸರದಿ."

ಕೊಟ್ರಯ್ಯನವರ ಹೆಂಡತಿ ಸಂಗಮ್ಮನವರು ಕಂದೀಲು ತಂದು ನಡುವೆ ಇಡುತ್ತಾರೆ. ಒಳಗೆ ಹೋಗುತ್ತಾರೆಂದುಕೊಂಡರೆ, ಸೆರಗು ಸರಿಮಾಡಿಕೊಂಡು ಬಸಕ್ಕನ ಪಕ್ಕದಲ್ಲೇ ಕೂರುತ್ತಾರೆ. ಅವರಿಗೂ ಓದು ಬಾರದು. ಕಲಿಯುತ್ತೀಯಾ ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಕೊಟ್ರಯ್ಯನವರು ಬಾಗಿಲಲ್ಲಿ ನಿಂತು ಹೆಂಡತಿಯನ್ನೇ ನೋಡುತ್ತಾರೆ. ಆಮೇಲೆ ಹೊರಗೆ ಬಂದು ಬಳಪ ಕೈಗೆತ್ತಿಕೊಳ್ಳುತ್ತಾರೆ.

ನಿಂತೇ ಇರುವ ಜಂಬಪ್ಪನಿಗೆ, ನೀನೂ ಕುಳಿತು ಕಲಿಯಬಾರದೇ ಎಂದು ಸಂಗಮ್ಮನವರು ಕೇಳುತ್ತಾರೆ. ಅವನು ಆಗಲೇ ನಾಳಿನ ಸರದಿಯ ಮನೆಯ ಕಡೆ ಹೊರಟಿದ್ದಾನೆ.

"ಕೊನೀ ಗದ್ದಿಗೆ ಮುಟ್ಟೋತನಕ ನೀರಗಂಟಿ ಕುಂದ್ರಂಗಿಲ್ರಿ, ಅವ್ವಾ."