ಗುನ್‌ವೋರ್ ಇಳಿಸಿದ ಚೀಲ

ಸ್ಟೋರ್ಹೋಲ್ಮ ದ್ವೀಪದ ವಿಮಾನ ನಿಲ್ದಾಣದಲ್ಲಿ ಗುನ್‌ವೋರ್ ಇಪ್ಪತ್ತಾರು ವರ್ಷದಿಂದ ಇದ್ದಾಳೆ. ಟಿಕೆಟ್ ನೋಡುವವಳೂ ಅವಳೇ, ಪೆಟ್ಟಿಗೆ ತೂಗುವವಳೂ ಅವಳೇ, ಹೊತ್ತಾದಾಗ ಹಳದಿ ಕೋಟು ತೊಟ್ಟು ಜನರನ್ನು ವಿಮಾನದ ತನಕ ಬಿಟ್ಟುಬರುವವಳೂ ಅವಳೇ. ಎಡಗೈಗೆ ಕಪ್ಪು ಟೇಪಿನ ಸುರುಳಿಯನ್ನು ಬಳೆಯ ಹಾಗೆ ಏರಿಸಿಕೊಂಡಿರುತ್ತಾಳೆ. ಯಾರೇ ಬರಲಿ, ಮೊದಲ ಮಾತು ಒಂದೇ: "ಬ್ಯಾಟರಿ ಎಲ್ಲೆಲ್ಲಿ ಇಟ್ಟಿದೀಯ?" ಪವರ್ ಬ್ಯಾಂಕು, ಇ-ಸಿಗರೇಟು, ಕ್ಯಾಮೆರಾದ ಬಿಡಿ ಬ್ಯಾಟರಿ, ಎಲ್ಲವೂ ದೊಡ್ಡ ಪೆಟ್ಟಿಗೆಯಿಂದ ಹೊರಬಂದು ಕೈಚೀಲ ಸೇರಬೇಕು. ಬಿಡಿ ಬ್ಯಾಟರಿಯ ಲೋಹದ ತುದಿಗೆ ಟೇಪು ಬೀಳಬೇಕು. ಪಾದ್ರಿ ಬಂದರೂ ಬಿಡುವವಳಲ್ಲ. ಹಿಂದೊಮ್ಮೆ ಒಬ್ಬ ಬಡಗಿಯ ಚೀಲದಲ್ಲಿ ಡ್ರಿಲ್ಲಿನ ಬ್ಯಾಟರಿಗೆ ಮೊಳೆ ತಾಗಿ, ಅವಳ ಮೇಜಿನ ಮೇಲೆಯೇ ಹೊಗೆ ಎದ್ದಿತ್ತು. ಆ ವಾಸನೆ ಇನ್ನೂ ಮೂಗಿನಿಂದ ಹೋಗಿಲ್ಲ ಎನ್ನುತ್ತಾಳೆ.

ಊರಿನವರಿಗೆ ಇದೊಂದು ತಮಾಷೆ. ಎಲ್ಲರಿಗಿಂತ ಹೆಚ್ಚು ಕಾಲೆಳೆಯುತ್ತಿದ್ದವನು ಹಾಲ್ವರ್. ನಲವತ್ತು ವರ್ಷ ಸಮುದ್ರದಲ್ಲಿ ಮೀನು ಹಿಡಿದವನು. ಈಗ ಶ್ವಾಸಕೋಶ ಕೈಕೊಟ್ಟಿದೆ. ಹೆಗಲಿಗೊಂದು ಪುಟ್ಟ ಆಮ್ಲಜನಕದ ಯಂತ್ರ, ಅದರಿಂದ ಮೂಗಿಗೊಂದು ಕೊಳವೆ. ಬ್ಯಾಟರಿ ಇದ್ದಷ್ಟು ಹೊತ್ತು ಅವನ ಓಡಾಟ.

"ನನ್ನ ಹಲ್ಲಿನ ಸೆಟ್ಟಿಗೂ ಒಂಚೂರು ಟೇಪ್ ಸುತ್ತಿಬಿಡೇ ಮಾರಾಯ್ತಿ," ಎನ್ನುತ್ತಿದ್ದ.

"ಬಾಯಿಗೇ ಸುತ್ತೋಣ ಅಂತಿದೀನಿ, ತಡಿ," ಎನ್ನುತ್ತಿದ್ದಳು ಅವಳು.

ಮಾರ್ಚ್ ತಿಂಗಳ ಆ ಬೆಳಿಗ್ಗೆ ಮಾತ್ರ ಹಾಲ್ವರನಿಗೆ ತಮಾಷೆ ಹೊಳೆಯಲಿಲ್ಲ. ಹೆಂಡತಿ ಆಸ್ಟಾಳಿಗೆ ಟ್ರೋಮ್ಸೋ ಪಟ್ಟಣದ ಆಸ್ಪತ್ರೆಯಲ್ಲಿ ಮಧ್ಯಾಹ್ನ ಎರಡಕ್ಕೆ ಹೃದಯದ ಶಸ್ತ್ರಚಿಕಿತ್ಸೆ. "ಒಳಗೆ ಹೋಗೋಕ್ ಮುಂಚೆ ನಿನ್ ಮುಖ ಒಂದ್ಸಲ ನೋಡ್ಬೇಕು" ಎಂದು ಫೋನಿನಲ್ಲಿ ಹೇಳಿದ್ದಳು. ಆಸ್ಟಾ ಸುಮ್ಮಸುಮ್ಮನೆ ಏನನ್ನೂ ಕೇಳುವವಳಲ್ಲ.

ಗುನ್‌ವೋರ್ ಅವನ ಎರಡು ಬಿಡಿ ಬ್ಯಾಟರಿಗಳಿಗೂ ಟೇಪು ಹಚ್ಚಿ, ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅವನ ಗಾಲಿ ಕೈಚೀಲದಲ್ಲಿ ಇಟ್ಟುಕೊಟ್ಟಳು. ಎಲ್ಲ ಸರಿಯಿತ್ತು. ಆದರೆ ಆ ಚಿಕ್ಕ ವಿಮಾನದಲ್ಲಿ ಗಾಲಿ ಚೀಲಗಳಿಗೆ ತಲೆಯ ಮೇಲೆ ಜಾಗವಿಲ್ಲ. ಮೆಟ್ಟಿಲ ಬಳಿ ಕೊಟ್ಟರೆ ಅವು ವಿಮಾನದ ಹೊಟ್ಟೆ ಸೇರುತ್ತವೆ. ದ್ವೀಪದ ಎಲ್ಲರಿಗೂ ಅದು ರೂಢಿ. ಹಾಲ್ವರನ ಮನಸ್ಸೆಲ್ಲ ಆಸ್ಟಾಳ ಮೇಲಿತ್ತು. ಅವನೂ ಕೊಟ್ಟು ಹತ್ತಿ ಕುಳಿತ.

ಪ್ರಯಾಣಿಕರ ಪಟ್ಟಿ ಕೊಡಲು ಮೇಲೆ ಬಂದ ಗುನ್‌ವೋರ್ ಹಾಲ್ವರ್ ಕುಳಿತಿದ್ದ ಮೊದಲ ಸಾಲಿನಲ್ಲೇ ನಿಂತುಬಿಟ್ಟಳು.

"ಚೀಲ ಎಲ್ಲಿ?"

"ಕೆಳಗೆ ಕೊಟ್ಟೆ."

"ಬ್ಯಾಟರಿ ಸಮೇತಾನಾ?"

ಹಾಲ್ವರನ ಮುಖ ಬಿಸಿಯಾಯಿತು. "ಬಿಡೇ ಗುನ್‌ವೋರ್. ಐವತ್ತು ನಿಮಿಷದ ದಾರಿ. ಯಂತ್ರದಲ್ಲಿ ಎರಡು ಗಂಟೆಗಾಗೋಷ್ಟಿದೆ. ಗಾಳಿ ಜಾಸ್ತಿ ಆದ್ರೆ ವಿಮಾನಾನೇ ಏಳಲ್ಲ. ಅಲ್ಲಿ ಆಸ್ಟಾ ಕಾಯ್ತಿದಾಳೆ."

"ಬಿಡೋ ಮಾತೇ ಇಲ್ಲ. ಕೆಳಗೆ ಅದಕ್ಕೆ ಬೆಂಕಿ ಹತ್ತಿದ್ರೆ ಯಾರಿಗೆ ಕಾಣತ್ತೆ? ಇಲ್ಲಿದ್ರೆ ನೀರು ಹುಯ್ಯೋಕೆ ಒಂದ್ ಕೈಯಾದ್ರೂ ಇರತ್ತೆ."

"ಶುರುವಾಯ್ತಪ್ಪಾ ಇವಳದ್ದು," ಎಂದು ಹಿಂದಿನಿಂದ ಯಾರೋ ಗೊಣಗಿದರು.

ಅವನ ಚೀಲ ಎಲ್ಲಕ್ಕಿಂತ ಅಡಿಯಲ್ಲಿತ್ತು. ವಿಮಾನದ ಹೊಟ್ಟೆ ತೆರೆಸಿ, ಒಂದೊಂದೇ ಪೆಟ್ಟಿಗೆ ಇಳಿಸಿ, ಮತ್ತೆ ತುಂಬಿಸುವಷ್ಟರಲ್ಲಿ ಕಾಲು ಗಂಟೆ. ಕಿಟಕಿಯಾಚೆ ಗಾಳಿ ಏರುತ್ತಲೇ ಇತ್ತು. ಆ ಕಾಲು ಗಂಟೆ ಹಾಲ್ವರ್ ಮನಸ್ಸಿನಲ್ಲೇ ಅವಳಿಗೆ ಹಿಡಿಶಾಪ ಹಾಕಿದ. ಆಸ್ಟಾ ಒಬ್ಬಳೇ ಒಳಗೆ ಹೋಗುವಂತಾದರೆ ಈ ಜನ್ಮದಲ್ಲಿ ಇವಳ ಮುಖ ನೋಡುವುದಿಲ್ಲ ಎಂದುಕೊಂಡ. ಗುನ್‌ವೋರ್ ಏದುಸಿರು ಬಿಡುತ್ತಾ ಬಂದು ಎರಡು ಬ್ಯಾಟರಿಗಳನ್ನು ಅವನ ಕೈಗಿಟ್ಟಾಗ ಅವನು ತಲೆ ಎತ್ತಲಿಲ್ಲ. ಅವಳು ಇಳಿದುಹೋದಳು.

ಟ್ರೋಮ್ಸೋದಲ್ಲಿ ಹಿಮಗಾಳಿ. ವಿಮಾನ ಇಳಿಯಲು ಎರಡು ಸಲ ನೋಡಿ, ಮೋಡದ ಮೇಲೆ ಸುತ್ತು ಹೊಡೆದು, ಕೊನೆಗೆ ಬೇರೆ ಊರಿನ ಕಡೆ ತಿರುಗಿತು. ಇನ್ನೂ ಗಾಳಿಯಲ್ಲಿರುವಾಗಲೇ ಯಂತ್ರ ಕಿರುಗುಟ್ಟಿತು. ಬ್ಯಾಟರಿ ಮುಗಿದಿತ್ತು. ಹಾಲ್ವರ್ ಟೇಪು ಕಿತ್ತು ಹೊಸದನ್ನು ಹಾಕಿದ. ಗಾಳಿ ಮೂಗಿಗೆ ಬಂದಾಗ ಅವನ ಕಣ್ಣಲ್ಲಿ ನೀರು ಬಂತು. ಇದು ಕೈಯಲ್ಲಿ ಇಲ್ಲದಿದ್ದರೆ ಆ ಬೇರೆ ಊರಿನಲ್ಲಿ ಅವನನ್ನು ನೇರ ಆಂಬುಲೆನ್ಸಿಗೆ ಏರಿಸುತ್ತಿದ್ದರು, ಆಸ್ಟಾ ಒಂದು ಊರಿನ ಆಸ್ಪತ್ರೆಯಲ್ಲಿ, ಅವನು ಇನ್ನೊಂದು ಊರಿನ ಆಸ್ಪತ್ರೆಯಲ್ಲಿ. ಆ ಊರಿನಲ್ಲಿ ಇಳಿದು ಎರಡು ಗಂಟೆ ಕಾದು ಮತ್ತೆ ಹಾರುವಾಗ ಕೊನೆಯ ಬ್ಯಾಟರಿ ಹಾಕಿಕೊಂಡ.

ಅವನು ಆಸ್ಪತ್ರೆ ತಲುಪಿದಾಗ ಆಸ್ಟಾಳ ಮಂಚವನ್ನು ಆಗಲೇ ಕಾರಿಡಾರಿನಲ್ಲಿ ತಳ್ಳಿಕೊಂಡು ಹೊರಟಿದ್ದರು. ಅವಳು ಅವನ ಕೈ ಹಿಡಿದುಕೊಂಡಳು.

"ಈ ಗಾಳೀಲಿ ಅದ್ ಹೇಗ್ ಬಂದ್ಯೋ ಮಾರಾಯ?"

"ಗುನ್‌ವೋರ್ ಕರ್ಕೊಂಡ್ ಬಂದ್ಳು ಕಣೇ."

ಔಷಧಿಯ ಮಂಪರಿನಲ್ಲಿದ್ದ ಆಸ್ಟಾ ಅವನ ಹಿಂದೆ ಕಣ್ಣಾಡಿಸಿದಳು. "ಹೊರಗೇ ನಿಲ್ಲಿಸ್ಬಿಟ್ಯಾ ಪಾಪ? ಒಳಗೆ ಕರಿ."

ಸಂಜೆ ಡಾಕ್ಟರು ಬಂದು ಎಲ್ಲ ಸುಸೂತ್ರವಾಯಿತು ಎಂದ ಮೇಲೆ, ಹಾಲ್ವರ್ ಯಂತ್ರವನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ದ್ವೀಪದ ನಿಲ್ದಾಣಕ್ಕೆ ಫೋನ್ ಮಾಡಿದ.

"ನಿನ್ ಉಪಕಾರ ಮರೆಯಲ್ಲ ಗುನ್‌ವೋರ್. ಬೆಳಿಗ್ಗೆ ನಿನ್ನ ಬೈಕೊಂಡೆ, ಮನಸ್ಸಲ್ಲೇ."

"ಗೊತ್ತಾಯ್ತು ಬಿಡು, ಮುಖದ ಮೇಲೇ ಬರೆದಿತ್ತು. ಆಸ್ಟಾ ಹೇಗಿದಾಳೆ?"

"ಉಸಿರಾಡ್ತಿದಾಳೆ."

"ನೀನು?"

"ನಾನೂ," ಎಂದ ಹಾಲ್ವರ್.