ಗಾರ್ಡ್ ಆರಿಸುವ ಚರ್ಚೆಯೂ ನನ್ನ ಒಪ್ಪತ್ತೂ

ಆ ಚಳಿಗಾಲದಲ್ಲಿ ಶನಿವಾರ ಬಂತೆಂದರೆ ನಮ್ಮ ಮನೆಯ ಸೋಫಾದ ಮೇಲೆ ಇಬ್ಬರು ಗಂಡಸರು ಕೂತು, ತಮಗೆ ಯಾವ ಸಂಬಂಧವೂ ಇಲ್ಲದ ಇಬ್ಬರು ಹುಡುಗರ ಭವಿಷ್ಯವನ್ನು ತೀರ್ಮಾನಿಸುತ್ತಿದ್ದರು. ಒಬ್ಬರು ನನ್ನ ಗಂಡ. ಮೈಸೂರಿನವರು, ಇಲ್ಲಿ ಅಮೆರಿಕದ ಬ್ಯಾಲಂಟೈನ್‌ನಲ್ಲಿ ಬ್ಯಾಂಕೊಂದರ ಐಟಿ ಕೆಲಸ. ಇನ್ನೊಬ್ಬರು ನಮ್ಮ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲೇ ಇದ್ದ ಹುಬ್ಬಳ್ಳಿಯ ಎಂಜಿನಿಯರು. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ ನನ್ನನ್ನು ವೈನಿ, ಎಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು. ಊರಿನಲ್ಲಿದ್ದಾಗ ಇಬ್ಬರೂ ಕ್ರಿಕೆಟ್ ಬಿಟ್ಟು ಬೇರೆ ಆಟದ ಗೋಜಿಗೆ ಹೋದವರಲ್ಲ. ಇಲ್ಲಿಗೆ ಬಂದ ಮೇಲೆ ಬ್ಯಾಸ್ಕೆಟ್‌ಬಾಲ್ ಹುಚ್ಚು ಹತ್ತಿಸಿಕೊಂಡು, ಅದರಲ್ಲೇ ಹುಟ್ಟಿ ಬೆಳೆದವರ ಹಾಗೆ ಮಾತಾಡುತ್ತಿದ್ದರು.

ಜೂನ್ ತಿಂಗಳಲ್ಲಿ ಇಲ್ಲಿಯ ದೊಡ್ಡ ತಂಡಗಳು ಕಾಲೇಜಿನ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. ತೀರಾ ಸೋತ ತಂಡಗಳಿಗೆ ಮೊದಲ ಅವಕಾಶ. ನಮ್ಮೂರ ತಂಡ ನೆಟ್ಟಗೆ ಗೆಲ್ಲುತ್ತಲೂ ಇರಲಿಲ್ಲ, ಸರಿಯಾಗಿ ಸೋಲುತ್ತಲೂ ಇರಲಿಲ್ಲ. ಹಾಗಾಗಿ ಅದರ ಸರದಿ ಮೊದಲ ಸುತ್ತಿನ ನಟ್ಟನಡುವೆ ಬರುವುದೆಂದು ಎಲ್ಲರ ಅಂದಾಜು. ಅಷ್ಟು ಹೊತ್ತಿಗೆ ಎದ್ದು ಕಾಣುವ ಆಟಗಾರರೆಲ್ಲ ಖರ್ಚಾಗಿ, ಒಂದಲ್ಲ ಒಂದು ಕೊರತೆ ಇರುವವರು ಉಳಿದಿರುತ್ತಾರೆ. ತಂಡಕ್ಕೆ ಬೇಕಿದ್ದದ್ದು ಗಾರ್ಡ್, ಎಂದರೆ ಚೆಂಡನ್ನು ತಂದು ಆಟ ನಡೆಸುವವನು. ಈ ಇಬ್ಬರ ಲೆಕ್ಕದಲ್ಲಿ ಕೊನೆಗೆ ಉಳಿದಿದ್ದವರು ಇಬ್ಬರೇ. ಒಬ್ಬ ದೊಡ್ಡ ಯೂನಿವರ್ಸಿಟಿಯಲ್ಲಿ ಮೊದಲ ವರ್ಷದಲ್ಲಿದ್ದ ಹುಡುಗ. ಉದ್ದ ಕೈ, ಒಳ್ಳೆಯ ಜಿಗಿತ, ಆದರೆ ಚೆಂಡನ್ನು ಎದುರಾಳಿಗಳಿಗೆ ದಾನ ಮಾಡುವ ಚಟ. ಇನ್ನೊಬ್ಬ ದಕ್ಷಿಣ ಕ್ಯಾರೊಲೈನಾದ ಸಣ್ಣ ಕಾಲೇಜಿನಲ್ಲಿ ಕೊನೆಯ ವರ್ಷದವನು. ಗಿಡ್ಡ, ನಿಧಾನಸ್ಥ, ಚೆಂಡನ್ನು ಮಾತ್ರ ಕೈಬಿಡುವವನಲ್ಲ. ನಮ್ಮ ಇವರು ಮೊದಲನೆಯವನ ಪಕ್ಷ, ಹುಬ್ಬಳ್ಳಿಯವರು ಎರಡನೆಯವನ ಪಕ್ಷ.

ನನಗೆ ಇದೆಲ್ಲ ತಲೆಗೆ ಹತ್ತಿದ್ದು ಆಟದ ಮೇಲಿನ ಪ್ರೀತಿಯಿಂದಲ್ಲ, ಭಯದಿಂದ. ನಾನು ಡಾಕ್ಟರು. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ, ಮದುವೆಯಾಗಿ, ಗಂಡನ ವೀಸಾದ ಬಾಲಕ್ಕೆ ಅಂಟಿಕೊಂಡು ಬಂದವಳು. ಆ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಓದಿ ಓದಿ ಇಲ್ಲಿಯ ಪರೀಕ್ಷೆಗಳನ್ನು ಪಾಸು ಮಾಡಿದ್ದೆ. ಆದರೆ ಇಲ್ಲಿ ರೋಗಿಯನ್ನು ಮುಟ್ಟಬೇಕಾದರೆ ಯಾವುದಾದರೂ ಆಸ್ಪತ್ರೆ ರೆಸಿಡೆಂಟ್ ಆಗಿ ತರಬೇತಿಗೆ ತೆಗೆದುಕೊಳ್ಳಬೇಕು. ಡಾಕ್ಟರುಗಳು ತಮಗೆ ಬೇಕಾದ ಆಸ್ಪತ್ರೆಗಳ ಪಟ್ಟಿ ಕೊಡುತ್ತಾರೆ, ಆಸ್ಪತ್ರೆಗಳು ತಮಗೆ ಬೇಕಾದ ಡಾಕ್ಟರುಗಳ ಪಟ್ಟಿ ಕೊಡುತ್ತವೆ, ಕಂಪ್ಯೂಟರು ಜೋಡಿ ಹೊಂದಿಸುತ್ತದೆ. ಫಲಿತಾಂಶ ಮಾರ್ಚ್‌ನಲ್ಲಿ. "ನಮ್ ಡ್ರಾಫ್ಟ್ ಇದ್ದಂಗೇ ಇದೂ" ಎಂದು ಇವರು ಬಂದವರಿಗೆಲ್ಲ ವಿವರಿಸುತ್ತಿದ್ದರು.

ಕಾಲೇಜು ಬಿಟ್ಟು ವರ್ಷಗಳಾದವರ ಅರ್ಜಿಯನ್ನು ಬಹಳಷ್ಟು ಆಸ್ಪತ್ರೆಗಳು ತೆರೆದೂ ನೋಡುವುದಿಲ್ಲ. ನನ್ನನ್ನು ಇಂಟರ್ವ್ಯೂಗೆ ಕರೆದದ್ದು ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಕಡೆಯ ಒಂದೇ ಒಂದು ಆಸ್ಪತ್ರೆ. ಅಲ್ಲಿ ಆಗದಿದ್ದರೆ ಇನ್ನೊಂದು ವರ್ಷ ಮನೆಯಲ್ಲಿ. ಆಮೇಲೆ ಮತ್ತೂ ಹಳಬಳಾದ ನನ್ನನ್ನು ಯಾರು ಕರೆಯುತ್ತಾರೆ?

ಇಂಟರ್ವ್ಯೂ ಜನವರಿಯ ಒಂದು ಶುಕ್ರವಾರ ಇತ್ತು. ಹಿಂದಿನ ಸಂಜೆ ಅಲ್ಲಿನ ರೆಸಿಡೆಂಟ್‌ಗಳು ಬಂದವರನ್ನೆಲ್ಲ ಒಂದು ಇಟಾಲಿಯನ್ ಹೋಟೆಲಿಗೆ ಊಟಕ್ಕೆ ಕರೆದಿದ್ದರು. "ಸುಮ್ಮನೆ ಪರಿಚಯಕ್ಕೆ, ಇದು ಇಂಟರ್ವ್ಯೂ ಅಲ್ಲ" ಎಂದು ಮೇಲ್‌ನಲ್ಲಿ ಬರೆದಿದ್ದರು. ನಾನು ಅದನ್ನು ನಂಬಿದೆ. ಅಂದು ಗುರುವಾರ. ನಮ್ಮ ತವರಿನಲ್ಲಿ ಗುರುವಾರ ರಾಯರ ಹೆಸರಿನಲ್ಲಿ ಒಪ್ಪತ್ತು. ಮಧ್ಯಾಹ್ನ ಒಂದು ಹೊತ್ತು ಊಟ, ರಾತ್ರಿ ಇಲ್ಲ. ಬೇರೆ ವಾರಗಳಲ್ಲಿ ರಾತ್ರಿ ಅವಲಕ್ಕಿಯನ್ನೋ ಹಣ್ಣನ್ನೋ ತಿನ್ನುತ್ತಿದ್ದೆ. ಬದುಕಿನ ಅಷ್ಟು ದೊಡ್ಡ ಇಂಟರ್ವ್ಯೂ ನಾಳೆ ಇರುವಾಗ ರಾಯರಿಗೆ ಹೇಗೆ ಮೋಸ ಮಾಡಲಿ ಎಂದು ಅಂದು ಕಟ್ಟುನಿಟ್ಟಾಗಿ ನೀರು ಮಾತ್ರ ಅಂದುಕೊಂಡೆ. ನಾನು ಉಳಿದುಕೊಂಡಿದ್ದದ್ದು ಅಲ್ಲೇ ಹತ್ತಿರದ ಲಾರೆನ್ಸ್‌ವಿಲ್‌ನಲ್ಲಿ ಚಿಕ್ಕಮ್ಮನ ಮಗಳ ಮನೆಯಲ್ಲಿ. ಅವಳು ಕಾರಿನಲ್ಲಿ ಬಿಡುವಾಗ, "ಅಕ್ಕ, ಅಲ್ಲಿ ಮಾತ್ರ ದೇವ್ರು ದಿಂಡ್ರು ಅಂತ ಟಾಪಿಕ್ ಎತ್ತಬೇಡ, ಅವ್ರಿಗೆ ಅನ್‌ಕಂಫರ್ಟಬಲ್ ಆಗತ್ತೆ" ಎಂದಳು. ಅದನ್ನೂ ನಂಬಿದೆ.

ಎಲ್ಲರ ಮುಂದೂ ತಟ್ಟೆಗಳು ಬಂದವು. ನನ್ನ ಮುಂದೆ ನಿಂಬೆಹೋಳು ಹಾಕಿದ ನೀರು. ಪಕ್ಕದಲ್ಲಿದ್ದ ರೆಸಿಡೆಂಟ್ ಹುಡುಗಿ ಬಿಸಿ ಬ್ರೆಡ್ಡಿನ ಬುಟ್ಟಿಯನ್ನು ನನ್ನತ್ತ ಸರಿಸಿದಳು. ನಾನು ನಕ್ಕು ವಾಪಸು ಸರಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಸರಿಸಿದಳು. ತಂಗಿಯ ಮಾತು ನೆನಪಾಗಿ, ಹೊಟ್ಟೆ ಸರಿಯಿಲ್ಲ ಎಂದುಬಿಟ್ಟೆ. ಅವಳ ಮುಖದಲ್ಲಿ ಅಯ್ಯೋ ಅನ್ನುವ ಭಾವ ಬಂತು. ಕುರ್ಚಿಯನ್ನು ನನ್ನಿಂದ ಒಂದಿಷ್ಟು ಆಚೆ ಎಳೆದುಕೊಂಡಂತೆಯೂ ಕಂಡಿತು. ಅಂದು ಅದು ನನಗೆ ದೊಡ್ಡದೆನಿಸಲಿಲ್ಲ. ಒಪ್ಪತ್ತು ಕೆಡಿಸಲಿಲ್ಲವಲ್ಲ ಎಂಬ ಹೆಮ್ಮೆಯಲ್ಲೇ ಮಲಗಿದೆ. ಮರುದಿನದ ಇಂಟರ್ವ್ಯೂ ಚೆನ್ನಾಗಿಯೇ ಆಯಿತು.

ಒಂದೆರಡು ವಾರದ ನಂತರ, ಫೆಬ್ರವರಿಯ ಶನಿವಾರ. ನಾನು ಅಡುಗೆಮನೆಯಲ್ಲಿ ಈ ಮಹನೀಯರಿಗಾಗಿ ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದೆ. ಹೊರಗೆ ಚರ್ಚೆ ಕಾವೇರಿತ್ತು.

"ನಿಮ್ ಹುಡುಗ ಜಿಗೀತಾನ, ಖರೆ. ಆದ್ರ ಚೆಂಡು ಎಲ್ಲಿಗೆ ಒಗೀತೀನಿ ಅನ್ನೂದು ಅಂವಗೂ ಗೊತ್ತಿಲ್ಲ" ಎಂದರು ಹುಬ್ಬಳ್ಳಿಯವರು.

"ಕಲೀತಾನೆ ಬಿಡಿ, ಇನ್ನೂ ಹತ್ತೊಂಬತ್ತು. ನಿಮ್ಮೋನಿಗೆ ಇಪ್ಪತ್ಮೂರು! ಇನ್ನೇನು ಬೆಳೀತಾನೆ? ಅವನು ಆಗೋದೆಲ್ಲ ಆಗಿ ಮುಗಿದಿದೆ" ಎಂದರು ಇವರು.

ನನಗೆ ಎಲ್ಲಿತ್ತೋ ಸಿಟ್ಟು, ಸೌಟು ಹಿಡಿದುಕೊಂಡೇ ಹೊರಗೆ ಬಂದೆ. "ಯಾಕ್ರೀ, ಇಪ್ಪತ್ಮೂರಕ್ಕೆ ಮುಗಿದೋಗತ್ತಾ? ಹಾಗಾದ್ರೆ ನನ್ನ ಕಥೆ ಏನು?"

"ನಾನು ಬ್ಯಾಸ್ಕೆಟ್‌ಬಾಲ್ ವಿಷ್ಯ ಮಾತಾಡ್ತಿದೀನಿ ಕಣೇ."

"ನಾನೂ ಅದೇ ಮಾತಾಡ್ತಿರೋದು. ನಾಲ್ಕು ವರ್ಷ ಒಂದೇ ಕಡೆ ಕೂತು ಕಲ್ತಿದಾನೆ. ಅವನಿಗೆ ಒಂದು ಚಾನ್ಸ್ ಕೊಟ್ರೆ ಗಂಟೇನು ಹೋಗತ್ತೆ?"

ಹುಬ್ಬಳ್ಳಿಯವರು ತಕ್ಷಣ ನನ್ನ ಪಕ್ಷಕ್ಕೆ ಬಂದರು. "ಬರೋಬ್ಬರಿ ಹೇಳಿದ್ರಿ ವೈನಿ! ಮನಶ್ಯಾನ ಗುಣಾ ಮುಖ್ಯ. ಹೋದ ವರ್ಷ ಕೇಳಿದ್ರಿಲ್ಲೋ? ಒಬ್ಬ ಗಾರ್ಡ್‌ನ ಕೋಚ್ ಮಂದಿ ಊಟಕ್ಕ ಕರ್ಕೊಂಡು ಹೋಗಿದ್ರು. ಅಂವಾ ಊಟದ ತಾಟ ಮುಟ್ಟಲಿಲ್ಲ, ಯಾರ ಜೋಡಿ ಮಾತಾಡಲಿಲ್ಲ, ಬರೇ ಫೋನ್ ನೋಡಕೋತ ಕೂತಾ. ಅಲ್ಲೇ ಹೆಸರು ಹೊಡದು ಹಾಕಿದ್ರು. ಊಟದ ಟೇಬಲ್ ಮ್ಯಾಗೇ ಖರೇ ಇಂಟರ್ವ್ಯೂ ಇರತದ್ರಿ. ಉಳಿದದ್ದೆಲ್ಲಾ ನಾಟಕ."

ಒಳಗೆ ಒಗ್ಗರಣೆ ಸೀಯುವ ವಾಸನೆ ಬಂತು. ನಾನು ನಿಂತಲ್ಲೇ ನಿಂತಿದ್ದೆ. ಆ ಬ್ರೆಡ್ಡಿನ ಬುಟ್ಟಿ, ಆ ಹುಡುಗಿಯ ಮುಖ, ಸರಿದ ಕುರ್ಚಿ ಎಲ್ಲ ಕಣ್ಣ ಮುಂದೆ ಬಂದವು.

"ಅಂದ್ರೆ, ಊಟಕ್ಕೂ ಮಾರ್ಕ್ಸ್ ಇರತ್ತಾ?" ಎಂದೆ.

ಇಬ್ಬರೂ ನನ್ನ ಮುಖ ನೋಡಿದರು. ನಡೆದದ್ದನ್ನೆಲ್ಲ ಹೇಳಿದೆ. ಒಲೆ ಆರಿಸಿ ಬಂದ ಇವರು, ನಾನು ಹೇಳಿ ಮುಗಿಸುವ ಮೊದಲೇ "ಛೇ ಛೇ, ಅದೆಲ್ಲ ಲೆಕ್ಕಕ್ಕಿಲ್ಲ, ತಲೆ ಕೆಡಿಸ್ಕೋಬೇಡ" ಎಂದರು. ಅಷ್ಟು ಬೇಗ ಸಮಾಧಾನ ಹೇಳಿದರೆ ಯಾರಿಗೆ ತಾನೇ ಸಮಾಧಾನವಾಗುತ್ತದೆ? ಹುಬ್ಬಳ್ಳಿಯವರಂತೂ ತಾವು ಹೇಳಿದ ಮಾತನ್ನು ಹೇಗೆ ವಾಪಸು ನುಂಗುವುದೆಂದು ತಿಳಿಯದೆ ಒದ್ದಾಡಿದರು. "ಅಂವಾ ಫೋನ್ ನೋಡಿದ್ನಲ್ರಿ, ನೀವೇನು ನೋಡಿಲ್ಲಲಾ" ಎಂದರು. ಪಾಪ.

ಆಸ್ಪತ್ರೆಯವರ ಪಟ್ಟಿ ಇನ್ನೂ ಅಂತಿಮವಾಗಿರಲಿಲ್ಲ. ಉಪವಾಸದ ವಿಷಯವನ್ನು ತಿಳಿಸಿ ಒಂದು ಮೇಲ್ ಕಳಿಸಲೇ ಬೇಡವೇ ಎಂಬುದು ಈಗ ಹೊಸ ಚರ್ಚೆ. ಗಾರ್ಡುಗಳನ್ನು ಬದಿಗಿಟ್ಟು ಇಬ್ಬರೂ ಅದೇ ಠೀವಿಯಲ್ಲಿ ನನ್ನ ಬಗ್ಗೆ ವಾದಕ್ಕಿಳಿದರು. ಬರೆದರೆ ಹತಾಶಳಾಗಿರುವಂತೆ ಕಾಣುತ್ತದೆ, ಅವರು ಗಮನಿಸಿರದಿದ್ದರೆ ನೀನೇ ತೋರಿಸಿಕೊಟ್ಟಂತಾಗುತ್ತದೆ ಎಂದರು ಇವರು. ಬರೆಯದಿದ್ದರೆ ಕಾಯಿಲೆಯವಳೆಂದೋ ಸೊಕ್ಕಿನವಳೆಂದೋ ತಿಳಿದುಕೊಳ್ಳುತ್ತಾರೆ ಎಂದರು ಅವರು. ಇಬ್ಬರ ಮಾತೂ ಸರಿ ಎನಿಸಿ ನನಗೆ ತಲೆ ಚಿಟ್ಟುಹಿಡಿಯಿತು. ಇವರಿಗೆ ತಿಳಿಸದೆ ಸೋಮವಾರ ನಾನೇ ಮೇಲ್ ಕಳಿಸಿದೆ. ಅಂದು ನಾನು ವ್ರತದಲ್ಲಿದ್ದೆ, ಹೇಳಲು ಸಂಕೋಚವಾಯಿತು, ನನ್ನ ಆರೋಗ್ಯ ಚೆನ್ನಾಗಿದೆ, ನಿಮ್ಮ ಆತಿಥ್ಯಕ್ಕೆ ಋಣಿ ಎಂದಷ್ಟೇ ಬರೆದೆ. ಆಸ್ಪತ್ರೆಯ ಆಫೀಸಿನಿಂದ ಮರುದಿನ ಉತ್ತರ ಬಂತು. "ನಿಮ್ಮ ಸಂದೇಶಕ್ಕೆ ಧನ್ಯವಾದ." ಅಷ್ಟೇ.

ಆ ಒಂದು ಸಾಲನ್ನು ನಾನು ಓದಿದಷ್ಟು ಯಾವ ಪಠ್ಯಪುಸ್ತಕವನ್ನೂ ಓದಿಲ್ಲ. ಧನ್ಯವಾದ ಎಂದರೆ ಒಳ್ಳೆಯದೋ ಕೆಟ್ಟದ್ದೋ? ಪಾತ್ರೆ ತೊಳೆಯುವಾಗ ಒಳ್ಳೆಯದೆನಿಸುತ್ತಿತ್ತು, ಬಟ್ಟೆ ಮಡಿಸುವಾಗ ಕೆಟ್ಟದ್ದೆನಿಸುತ್ತಿತ್ತು. ಗುರುವಾರ ಬಂದರೆ ಹೊಸ ಸಂಕಟ. ಒಪ್ಪತ್ತು ಮಾಡಿದರೆ ಆ ತಪ್ಪನ್ನೇ ಮತ್ತೆ ಮಾಡಿದಂತೆ, ಬಿಟ್ಟರೆ ರಾಯರಿಗೆ ಕೋಪ. ಮಾಡಿದೆ, ಆದರೆ ರಾಯರ ಮೇಲೆ ಸಿಡುಕುತ್ತಲೇ ಮಾಡಿದೆ. ಶನಿವಾರದ ಚರ್ಚೆಗೆ ನಾನೂ ಹೋಗಿ ಕೂರತೊಡಗಿದೆ. ಗಿಡ್ಡ ಗಾರ್ಡ್ ಚೆನ್ನಾಗಿ ಆಡಿದ ದಿನ ನನಗೆ ಹಸಿವಾಗುತ್ತಿತ್ತು. ಅವನು ಸೋತ ದಿನ ಟಿವಿಯ ರಿಮೋಟನ್ನು ಯಾರ ಕೈಗೂ ಸಿಗದಂತೆ ಎತ್ತಿಡುತ್ತಿದ್ದೆ.

ಮಾರ್ಚ್‌ನ ಆ ಸೋಮವಾರ ಫಲಿತಾಂಶದ ಮೇಲ್ ಬರುವುದಿತ್ತು. ಆಯ್ಕೆಯಾಗಿದೆಯೋ ಇಲ್ಲವೋ ಎಂಬುದು ಅಂದು, ಯಾವ ಆಸ್ಪತ್ರೆ ಎಂಬುದು ಶುಕ್ರವಾರ. ನನಗಿದ್ದದ್ದು ಒಂದೇ ಆಸ್ಪತ್ರೆಯಾದ್ದರಿಂದ ಎಲ್ಲವೂ ಅಂದೇ. ಇವರು ರಜೆ ಹಾಕಿದ್ದರು. ಬೆಳಿಗ್ಗೆಯೇ ಹುಬ್ಬಳ್ಳಿಯವರೂ ಬಂದರು, ಕೈಯಲ್ಲಿ ಅವರ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ, ಎಣ್ಣೆಗಾಯಿ ಪಲ್ಯ. ಎಷ್ಟು ಪ್ರೀತಿ ಇವರಿಗೆಲ್ಲ ನನ್ನ ಮೇಲೆ ಎಂದು ಮನಸ್ಸು ತುಂಬಿ ಬಂತು. ಇಬ್ಬರೂ ಸೋಫಾದ ಮೇಲೆ ಕೂತು ಗಾರ್ಡುಗಳ ಮಾತನ್ನೇ ಶುರುಮಾಡಿದರು. ಆದರೆ ಯಾವ ಮಾತಿಗೂ ಎದುರು ಮಾತಿರಲಿಲ್ಲ. ಇವರು ಏನೆಂದರೂ ಅವರು "ಹೌದ್ರಿ", ಅವರು ಏನೆಂದರೂ ಇವರು "ಅದೂ ಸರೀನೇ". ಒಬ್ಬರೂ ದನಿ ಏರಿಸಲಿಲ್ಲ.

ಮೇಲ್ ಬಂದಾಗ ಲ್ಯಾಪ್‌ಟಾಪನ್ನು ಇವರ ಕಡೆ ಸರಿಸಿದೆ. ಇವರೇ ತೆರೆದರು. ಓದಿದರು. ಮತ್ತೆ ಓದಿದರು. ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದರು. ಅಭಿನಂದನೆ, ನಿಮ್ಮ ಆಯ್ಕೆಯಾಗಿದೆ ಎಂದಿತ್ತು.

ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಇವರು ನನ್ನ ಎರಡೂ ಕೈ ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ಅಳತೊಡಗಿದರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. "ನಿಜ ಹೇಳ್ಲಾ? ನಿನ್ನ ತಗೋತಾರೆ ಅಂತ ನಂಗೆ ನಂಬಿಕೇನೇ ಇರ್ಲಿಲ್ಲ ಕಣೇ. ಒಂದು ದಿನಾನೂ ಇರ್ಲಿಲ್ಲ. ಇವತ್ತು ನಿನ್ನ ಹೇಗಪ್ಪಾ ಸಮಾಧಾನ ಮಾಡೋದು ಅಂತ ನಿನ್ನೆಯಿಂದ ನಿದ್ದೆ ಇಲ್ಲ ನಂಗೆ."

ನಾನು ಹುಬ್ಬಳ್ಳಿಯವರ ಕಡೆ ನೋಡಿದೆ. ಅವರು ಕಾರ್ಪೆಟ್ ನೋಡುತ್ತಿದ್ದರು. ಆಗ ನನಗೆ ರಜೆಯೂ ಅರ್ಥವಾಯಿತು, ರೊಟ್ಟಿಯೂ ಅರ್ಥವಾಯಿತು. ಇಬ್ಬರೂ ಸೂತಕದ ಮನೆಗೆ ಬಂದಂತೆ ಬಂದಿದ್ದರು.

ಇವರ ಕಣ್ಣು ಒರೆಸಿದೆ. ಊರಿಗೆ ಫೋನ್ ಮಾಡಿ ಎಂದೆ. ಆಮೇಲೆ ಬಾತ್‌ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ಜೂನ್‌ನಲ್ಲಿ ಡ್ರಾಫ್ಟ್ ಬಂದಾಗ ನಾವು ಜಾರ್ಜಿಯಾಕ್ಕೆ ಸಾಮಾನು ಕಟ್ಟುತ್ತಿದ್ದೆವು. ತಂಡದವರು ಆ ಇಬ್ಬರನ್ನೂ ಬಿಟ್ಟು, ಚಳಿಗಾಲವಿಡೀ ನಮ್ಮ ಸೋಫಾದಲ್ಲಿ ಒಮ್ಮೆಯೂ ಹೆಸರು ಬಾರದ ಯಾರನ್ನೋ ಆರಿಸಿದರು. ಈ ಇಬ್ಬರೂ ಸಾಮಾನಿನ ಡಬ್ಬಗಳ ನಡುವೆಯೇ ಕೂತು ಗಂಟೆಗಟ್ಟಲೆ ಗೋಳಾಡಿದರು.

ನನ್ನ ಆಯ್ಕೆಯಾದ ದಿನದ ಕಥೆಯನ್ನು ಇವರು ಮನೆಗೆ ಬಂದವರಿಗೆ ಈಗಲೂ ಹೇಳುತ್ತಾರೆ. "ಖುಷಿ ತಡೀಲಾರದೆ ಬಾತ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ಅತ್ಳು ಇವಳು" ಎನ್ನುವಾಗ ಅವರ ಕಣ್ಣಂಚು ಒದ್ದೆಯಾಗುತ್ತದೆ. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ. ತಿದ್ದಲು ಹೋಗುವುದಿಲ್ಲ.